ಜಗುಲಿಯ ಮೇಲಿನ ಡಾಕ್ಟರು

ಮೊಳಕಾಲ್ಮೂರಿನ ಡಾಕ್ಟರೊಬ್ಬರ ಬಳಿ ನಾನು ನರ್ಸಾಗಿ ಸೇರಿದ ಹೊಸತು. ರಾಂಪುರದ ವ್ಯಾಪಾರಿಯೊಬ್ಬರ ಸೊಸೆಗೆ ಎರಡು ದಿನದಿಂದ ಹೆರಿಗೆ ನೋವು ಎಂದು ಕರೆ ಬಂತು. ಇಬ್ಬರೂ ಎತ್ತಿನ ಗಾಡಿಯಲ್ಲಿ ಹೋದೆವು. ಅತ್ತೆ ಬಾಗಿಲಿಗೆ ಅಡ್ಡ ನಿಂತು, “ಗಂಡಸ್ರು ಒಳಗೆ ಬರಂಗಿಲ್ರಿ” ಎಂದರು.

ಡಾಕ್ಟರು ಜಗುಲಿಯಲ್ಲೇ ಕೂತರು. “ಮಗುವಿನ ಕಾಲು ಮುಂದಿದೆ ಸ್ವಾಮಿ!” ಎಂದು ನಾನು ಒಳಗಿನಿಂದ ಕೂಗಿದೆ. ಹೇಗೆ ಹಿಡಿಯಬೇಕು, ಯಾವಾಗ ತಡೆಯಬೇಕು ಎಂದು ಅವರು ಹೊರಗಿನಿಂದ ಕೂಗುತ್ತ ಹೋದರು. ನಾನು ಹಾಗೆಯೇ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು, ತಾಯಿಯೂ ಉಳಿದಳು.

ಹೊರಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು.

“ನೀನು ಬಲು ಜಾಣೆ ಕಣವ್ವ. ಆದ್ರೆ ಆ ಬಾಯಿಬಡುಕನ್ನ ಯಾಕೆ ಜೊತೇಲಿ ಕರ್ಕೊಂಡು ತಿರುಗ್ತೀಯಾ?”

ಡಾಕ್ಟರಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ಅವರು ನನಗಿಂತ ಮೊದಲೇ ಹೋಗಿ ಗಾಡಿ ಹತ್ತಿ ಕೂತರು.