ಕಾಶಿಯಲ್ಲಿ ಬಿಟ್ಟ ಚಾಕಲೇಟು

ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಅಲ್ಲೇ ಬಿಟ್ಟು ಬರಬೇಕು. ಆಮೇಲೆ ಜನ್ಮವಿಡೀ ಅದನ್ನು ಮುಟ್ಟುವಂತಿಲ್ಲ. ನನಗೆ ಡೆಂಗ್ಯೂ ಬಂದು ವಾಸಿಯಾದ ವರ್ಷ ಅಪ್ಪ ಅಮ್ಮ ಇಬ್ಬರೂ ಹೋಗಿಬಂದರು. ಅಪ್ಪ ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ತಿಂದವರೇ ಅಲ್ಲ. ಅಮ್ಮ ಮಾತ್ರ ಗಂಗೆಯಲ್ಲಿ ಮುಳುಗೆದ್ದು ಚಾಕಲೇಟು ಬಿಟ್ಟಳು.

ಅಮ್ಮನಿಗೆ ಚಾಕಲೇಟೆಂದರೆ ಪ್ರಾಣ. ಮೊದಲೆಲ್ಲ ಯಲಹಂಕದ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಚೂರು ಚೂರೇ ಮುರಿದು ತಿನ್ನುತ್ತಿದ್ದಳು. ಊರಲ್ಲಿ ಅಷ್ಟೊಂದು ತರಕಾರಿ ಇರುವಾಗ ಇದನ್ನೇ ಯಾಕೆ ಬಿಟ್ಟೆ ಎಂದು ಕೇಳಿದರೆ, "ಹೋಗ್ಲಿ ಬಿಡೇ" ಎಂದು ಮಾತು ತೇಲಿಸುತ್ತಿದ್ದಳು. ನನಗೆ ಸಿಟ್ಟು. ಆ ವಿಶ್ವನಾಥನಿಗೆ ನಮ್ಮಮ್ಮನ ಚಾಕಲೇಟೇ ಬೇಕಿತ್ತೇ? ಹೋದ ಬೇಸಿಗೆಯಲ್ಲಿ ಊಟಿಗೆ ಹೋದಾಗ, ಈ ಹಟ ಮುರಿದೇ ತೀರಬೇಕೆಂದು ಇಬ್ಬರನ್ನೂ ಅಲ್ಲಿನ ಚಾಕಲೇಟ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ.

ಬಾಗಿಲು ದಾಟುತ್ತಲೇ ಘಮ್ಮೆಂದಿತು. ಅಮ್ಮ ನಿಂತಲ್ಲೇ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ರೀ, ವಾಸನೆಗೆ ದೋಷ ಇಲ್ಲ ತಾನೆ?"

"ವಾಸನೆ ಫ್ರೀ ಕಣೇ, ಎಷ್ಟ್ ಬೇಕೋ ಎಳ್ಕೋ" ಎಂದರು ಅಪ್ಪ.

ಒಡೆದಿಟ್ಟ ಕೋಕೋ ಕಾಯಿ, ಗಾಜಿನಾಚೆ ಕಂದು ಪಾಕ ತಿರುವುತ್ತಿದ್ದ ಯಂತ್ರ, ಒಂದನ್ನೂ ಬಿಡದೆ ನೋಡಿದಳು, ಗೋಡೆಯ ಮೇಲಿನ ಬರಹವನ್ನೆಲ್ಲ ನನ್ನಿಂದ ಓದಿಸಿ ಕೇಳಿದಳು. ಯಂತ್ರದ ಮುಂದಿನಿಂದ ಅವಳನ್ನು ಕದಲಿಸುವುದೇ ಕಷ್ಟವಾಯಿತು. ಕೊನೆಗೆ ರುಚಿ ನೋಡುವ ಕೌಂಟರು ಬಂತು. ಅಲ್ಲಿದ್ದ ಹೆಂಗಸು ನಮ್ಮ ಕೈಗಳಿಗೆ ಒಂದೊಂದು ಹುರಿದ ಕೋಕೋ ಬೀಜ ಹಾಕಿದಳು. ನಾನು ವಕೀಲಿಕೆ ಶುರು ಮಾಡಿದೆ.

"ಅಮ್ಮಾ, ಇದು ಬರೀ ಬೀಜ. ಹಾಲಿಲ್ಲ, ಸಕ್ಕರೆ ಇಲ್ಲ. ಕಾಶೀಲಿ ನೀನೇನು ಬೀಜ ಬಿಟ್ಟಿಲ್ವಲ್ಲ?"

ಅಮ್ಮ ಬೀಜವನ್ನು ಅಂಗೈಯಲ್ಲಿ ಹೊರಳಿಸಿದಳು. ಆಸೆ ಮುಖದಲ್ಲೇ ಕಾಣುತ್ತಿತ್ತು. ತುಟಿಯವರೆಗೂ ಒಯ್ದಳು. ಗೆದ್ದೆ ಅಂದುಕೊಂಡೆ.

ಅಪ್ಪ ನನ್ನ ತೋಳು ಹಿಡಿದರು. "ಬಲವಂತ ಮಾಡ್ಬೇಡ ಮಗಳೇ. ನೀನು ಐಸಿಯುನಲ್ಲಿದ್ದಾಗ ಹರಕೆ ಹೊತ್ಕೊಂಡಿದ್ಲು. ಮಗಳು ಎದ್ದು ಮನೆಗ್ ಬಂದ್ರೆ ಸಾಕು, ಕಾಶಿಗ್ ಹೋಗಿ ಚಾಕಲೇಟ್ ಬಿಟ್ ಬರ್ತೀನಿ ಅಂತ."

"ಹೇಳ್ಬೇಡಿ ಅಂದಿದ್ನಲ್ರೀ!" ಎಂದು ಅಮ್ಮ ಗದರಿದಳು. ಬೀಜವನ್ನು ನನ್ನ ಕೈಗೆ ಹಾಕಿದಳು. "ಬೀಜದಿಂದಾನೇ ಅಲ್ವೇನೇ ಚಾಕಲೇಟ್ ಆಗೋದು? ನಿನ್ ವಿಷಯದಲ್ಲಿ ನಂಗೆ ಯಾವ ಅನುಮಾನಾನೂ ಬೇಡ."

ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದ್ದು ದೇವರಲ್ಲ, ನಾನು. ಕೌಂಟರಿನ ಮುಂದೆಯೇ ಅಳು ಬಂತು. ಇಷ್ಟು ವರ್ಷ ಅವಳ ಹಟವೆಂದು ಬೈದುಕೊಂಡ ಆ ಹರಕೆಯ ಫಲವನ್ನು ನಾನೇ ಉಣ್ಣುತ್ತಿದ್ದೆ, ಓಡಾಡಿಕೊಂಡು, ಊಟಿ ಸುತ್ತಿಕೊಂಡು.

ಅಮ್ಮ ಅಳುವುದಕ್ಕೆ ಬಿಡಲಿಲ್ಲ. ಬಾದಾಮಿ ಹಾಕಿದ ದೊಡ್ಡ ಚಾಕಲೇಟೊಂದನ್ನು ತಾನೇ ಆರಿಸಿ ದುಡ್ಡು ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು ಕಾಗದ ಬಿಚ್ಚಿದಳು. "ನಾನು ಬಿಟ್ಟಿರೋದು ಹಾಗಲಕಾಯಿ" ಎಂದು ಅಪ್ಪ ತಮ್ಮ ಪಾಲು ಮುರಿದುಕೊಂಡರು. ಉಳಿದದ್ದನ್ನು ಅಮ್ಮ ನನ್ನ ಮುಂದೆ ಹಿಡಿದಳು.

"ತಿನ್ನು. ಗಬಕ್ಕನೆ ನುಂಗ್ಬೇಡ."

ಬಾಯಿಗಿಟ್ಟುಕೊಂಡೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕರಗ್ತಾ?"

"ಹ್ಞೂಂ."

"ಬಾದಾಮಿ ಸಿಕ್ತಾ?"

"ಸಿಕ್ತಮ್ಮ."

ಅವಳು ನೆಮ್ಮದಿಯಿಂದ ಬೆಂಚಿಗೆ ಒರಗಿ, ಇನ್ನೊಂದು ಚೂರು ಮುರಿದು ನನ್ನ ಬಾಯಿಗಿಟ್ಟಳು.