ಬೋರಲಿಂಗಯ್ಯನ ಆಣೆಗಳು

ಶಿಫ್ಟ್ ಬಸ್ಸಿನ ಕಿಟಕಿ ಪಕ್ಕ ಕೂತು, ಬಿಡದಿ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲೇ ಎರಡು ಸರ್ಕಾರ ಬೀಳಿಸಿ, ಓಟಿನ ದಿನ ಸಿಕ್ಕ ರಜೆಯಲ್ಲಿ ಹೊದ್ದು ಮಲಗುವ ನಮ್ಮಂಥ ಸಂಬಳಗಾರರಿಗೆ ಬೋರಲಿಂಗಯ್ಯನನ್ನು ಆಡಿಕೊಳ್ಳುವ ಯೋಗ್ಯತೆ ಇಲ್ಲ. ಆದರೂ ಆಡಿಕೊಳ್ಳದೆ ಇರುವುದು ಕಷ್ಟ. ಆಸಾಮಿ ಹಾಗಿದ್ದಾನೆ.

ತಿಪ್ಪಸಂದ್ರದ ಪಕ್ಕದ ಹಳ್ಳಿಯವನು. ಒಂದಿಷ್ಟು ರಾಗಿ ಹೊಲ, ತೆಂಗಿನ ತೋಟ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ. ತಾನು ಮಗ್ಗುಲು ಬದಲಿಸಿದರೆ ಹೋಬಳಿಯೇ ಮಗ್ಗುಲು ಬದಲಿಸುತ್ತದೆ ಎಂಬುದು ಅವನ ನಂಬಿಕೆ. ಚಕ್ರದ ಕಾಲಕ್ಕೆ ಚಕ್ರ, ತೆನೆಯ ಕಾಲಕ್ಕೆ ತೆನೆ, ಆಮೇಲೆ ಕೈ ಗುರುತು. ಪ್ರತಿ ಸಲವೂ ಊರು ಅವನಿದ್ದ ಕಡೆಯೇ ಇತ್ತು, ಸುಳ್ಳಲ್ಲ. ಅವನು ಹೇಳದೆ ಬಿಡುತ್ತಿದ್ದದ್ದು ಒಂದೇ: ಹೊರಳುವ ಮುಂಚೆ ಮಾಗಡಿ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೆಳಗಿನಿಂದ ಕೂತು, ಜನ ಯಾರ ಹೆಸರೆತ್ತಿದರೆ ಉಗಿಯುತ್ತಾರೆ, ಯಾರ ಹೆಸರಿಗೆ ಸುಮ್ಮನಿರುತ್ತಾರೆ ಎಂದು ಕೇಳಿಸಿಕೊಂಡು ಬರುತ್ತಿದ್ದ. ಗಾಳಿ ಬೀಸಿದ ಮೇಲೆ ಕೆನ್ನೆ ಉಬ್ಬಿಸಿ ನಿಂತು, ಊದಿದ್ದು ನಾನೇ ಎನ್ನುವ ಪೈಕಿ.

ಹೊರಳಿದಾಗಲೆಲ್ಲ ಅವನದೊಂದು ಶಾಸ್ತ್ರ. ಊರವರನ್ನು ಟೆಂಪೊ ಹತ್ತಿಸಿ ಕಬ್ಬಾಳಮ್ಮನ ಗುಡಿಗೆ ಕರೆದೊಯ್ದು, ಹೊಸ ಪಕ್ಷಕ್ಕೇ ಓಟು ಎಂದು ಆಣೆ ಮಾಡಿಸುವುದು. ಅದಕ್ಕೂ ಮೊದಲು ಯಾರಿಗೂ ಕಾಣದಂತೆ, ತಾನು ಮುರಿದ ಹಳೆಯ ಆಣೆಗೆ ತಪ್ಪು ಕಾಣಿಕೆ ಹಾಕುತ್ತಿದ್ದ. ಅರಿಶಿಣದ ಬಟ್ಟೆಯ ಚೂರಿನಲ್ಲಿ ಕಟ್ಟಿದ ಒಂದು ನಾಣ್ಯ, ಹುಂಡಿಗೆ. ಅಲ್ಲಿಗೆ ದೇವಿಯ ಜೊತೆಗಿನ ವ್ಯವಹಾರ ಚುಕ್ತಾ.

ಈ ಸಲ ಮತ್ತೊಂದು ಬಾವುಟ. ಅಭ್ಯರ್ಥಿಯ ಕಡೆಯವರು ಖಡಾಖಂಡಿತವಾಗಿ ಹೇಳಿದ್ದರು: ಸಾಹೇಬರ ಕಾರು ಊರಿನಲ್ಲಿ ಒಂದೇ ಮನೆ ಮುಂದೆ ನಿಲ್ಲುತ್ತದೆ. ಊರು ತನ್ನ ಹಿಂದಿದೆ ಎಂದು ಬೋರಲಿಂಗಯ್ಯ ತೋರಿಸಿದರೆ ಅವನ ಮನೆ, ಇಲ್ಲದಿದ್ದರೆ ಎದುರು ಸಾಲಿನ ದೊಡ್ಡಹನುಮಯ್ಯನ ಮನೆ. ಬೋರಲಿಂಗಯ್ಯ ಉಣ್ಣುತ್ತಿದ್ದ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ. ಯಾವ ಪಕ್ಷದ ಕಾರೇ ಆಗಲಿ, ಇಷ್ಟು ವರ್ಷ ಅವನ ಜಗುಲಿ ಮುಂದೆ ನಿಂತೇ ಮುಂದೆ ಹೋಗಿತ್ತು. ಅದು ತಪ್ಪಿದರೆ ತಾನೂ ಎಲ್ಲರ ಹಾಗೆ ರಾಗಿ ಬೆಳೆಯುವ ಒಬ್ಬ ಮುದುಕ, ಅಷ್ಟೇ.

ಮನೆಮನೆಗೂ ಹೋದ. ಕೊನೆಗೆ ದೊಡ್ಡಹನುಮಯ್ಯನ ಬಾಗಿಲಿಗೂ.

"ಏನ್ಲಾ ಬೋರ, ಈ ಸಲ ಯಾವ್ ಬಾವುಟ? ಬಿಳೀ ಅಂಗಿ ಇಟ್ಕೊಂಡಿದ್ದು ಒಳ್ಳೇದಾಯ್ತು ಕಣ್ಲಾ, ಎಲ್ಲಾದಕ್ಕೂ ಒಪ್ತದೆ."

"ಬತ್ತೀಯೋ ಇಲ್ವೋ, ಅದ್ನೇಳು."

"ಬತ್ತೀನಿ ಬುಡ್ಲಾ. ಊಟ ಐತಲ್ಲ."

ಟೆಂಪೊ ತುಂಬಿ ಜನ ನಿಂತುಕೊಂಡೇ ಹೊರಟರು. ರಾಮನಗರ ದಾಟುವಾಗ ಕಂಡ ಫ್ಲೆಕ್ಸಿಗೆಲ್ಲ ಬೈದರು, ಚನ್ನಪಟ್ಟಣದಲ್ಲಿ ಉಳಿದವರಿಗೂ ಬೈದರು, ಕಬ್ಬಾಳಿನ ದಾರಿ ಹಿಡಿದ ಮೇಲೆ ನಿದ್ದೆ ಹೋದರು. ಮುಂದಿನ ಸೀಟಿನಲ್ಲಿ ಬೋರಲಿಂಗಯ್ಯ ಮೀಸೆ ನೀವಿಕೊಳ್ಳುತ್ತಿದ್ದ. ಹೋಬಳಿ ಅವನ ಬೆನ್ನ ಹಿಂದೆ ಗೊರಕೆ ಹೊಡೆಯುತ್ತಿತ್ತು.

ಗುಡಿಯಲ್ಲಿ ಅವನು ಎಂದಿನಂತೆ ಕಳ್ಳನ ಹಾಗೆ ಹುಂಡಿಯ ಬಳಿ ಹೋದರೆ, ಅಲ್ಲಿ ಆಗಲೇ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಹಳದಿ ಗಂಟು. ಮುಂದೆ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ.

"ಇದೇನ್ ಲಕ್ಷ್ಮಮ್ಮ, ತಪ್ಪು ಕಾಣಿಕೆಯಾ? ಹೋದ ಸಲದ್ದಾ?"

"ಹೋದ ಸಲದ್ದ ಹೋದ ಸಲವೇ ಹಾಕ್ಬುಟ್ವಲ್ಲ ಬೋರಣ್ಣ. ಇದು ಇವತ್ತಿಂದು."

"ಇವತ್ತಿನ ಆಣೆ ಇನ್ನೂ ಮಾಡೇ ಇಲ್ವಲ್ಲ!"

"ಮುರ್ದ ಮ್ಯಾಕೆ ಇಷ್ಟ್ ದೂರ ಬರಕಾಯ್ತದಾ? ಆಗ ನೀನ್ ಟೆಂಪೊ ಕೊಟ್ಟೀಯಾ?"

ಸಾಲು ನಕ್ಕಿತು. ದೊಡ್ಡಹನುಮಯ್ಯ ಎಲ್ಲರಿಗಿಂತ ಜೋರಾಗಿ. ಬೋರಲಿಂಗಯ್ಯನಿಗೆ ಹಿಂದಿನ ಟೆಂಪೊಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿ ಸಲವೂ ಇವರು ಅವನ ಕಣ್ಣು ತಪ್ಪಿಸಿ ಮೊದಲು ದೇವಿಯ ಹತ್ತಿರ ಬಿಡುಗಡೆ ತಗೊಂಡು, ಆಮೇಲೆ ಅವನಿಗೆ ಆಣೆ ಕೊಟ್ಟು, ಮನೆಗೆ ಹೋಗಿ ತಮಗೆ ಬೇಕಾದವರಿಗೇ ಓಟು ಒತ್ತಿದ್ದರು. ಊರು ತನ್ನ ಪಾಡಿಗೆ ತಾನು ಹೊರಳಿತ್ತು. ಅವನು ಟೀ ಅಂಗಡಿಯಲ್ಲಿ ವಾಸನೆ ಹಿಡಿದು ಅದರ ಹಿಂದೆ ಓಡಿದ್ದ, ಟೆಂಪೊ ಬಾಡಿಗೆಯನ್ನೂ ತೆತ್ತು.

ಸಾಲಿನ ಕೊನೆಯಲ್ಲಿ ಹೆಂಡತಿ ಸಿದ್ದಮ್ಮ.

"ನೀನೂನಾ?"

"ನಿಮ್ದೂ ಸೇರ್ಸೇ ಕಟ್ಟಿವ್ನಿ. ಹೆಂಗೂ ಬೇಕಾಯ್ತದಲ್ಲ."

ಆಮೇಲೆ ಎಲ್ಲರೂ ದೇವಿಯ ಮುಂದೆ ಕೈಯೆತ್ತಿ ಆಣೆ ಮಾಡಿದರು. ಅಷ್ಟು ಗಟ್ಟಿಯಾದ ದನಿಯನ್ನು ಅವನು ಯಾವ ಚುನಾವಣೆಯಲ್ಲೂ ಕೇಳಿರಲಿಲ್ಲ. ಜೊತೆಗೆ ಬಂದಿದ್ದ ಪಕ್ಷದ ಹುಡುಗರು ವಿಡಿಯೊ ಮಾಡಿಕೊಂಡು ಖುಷಿಯಾಗಿ ಹೋದರು.

ಮುಂದಿನ ವಾರ ಕಾರು ಬಂತು. ಬೋರಲಿಂಗಯ್ಯನ ಜಗುಲಿ ಮುಂದೆಯೇ ನಿಂತಿತು. ಸಾಹೇಬರು ಕಾಫಿ ಕುಡಿದು, ಅವನ ಹೆಗಲ ಮೇಲೆ ಕೈ ಹಾಕಿ ಕೇಳಿದರು:

"ಏನ್ ಬೋರಣ್ಣ, ನಿಮ್ಮೂರು ಗಟ್ಟಿ ತಾನೆ?"

ಬೋರಲಿಂಗಯ್ಯ ಬಾಯಿ ತೆರೆದ. ಎದುರು ಸಾಲಿನಲ್ಲಿ ದೊಡ್ಡಹನುಮಯ್ಯ ಹೊಸ ಪಂಚೆಯುಟ್ಟು, ಬಾಗಿಲಿಗೆ ನೀರು ಹಾಕಿಸಿ, ಹಲ್ಲು ಕಿರಿದುಕೊಂಡು ನಿಂತಿದ್ದ. ಒಂದು ನಿಜ ಹೇಳಿದರೆ ಕಾರು ಅಲ್ಲಿಗೆ ಹೋಗಿ ನಿಲ್ಲುತ್ತದೆ.

"ಕಬ್ಬಾಳಮ್ಮನ ಆಣೆಗೂ ಗಟ್ಟಿ, ಅಣ್ಣ."

ಅಡುಗೆಮನೆಯೊಳಗೆ ಸಿದ್ದಮ್ಮ ಪರ್ರನೆ ಅರಿಶಿಣದ ಬಟ್ಟೆ ಹರಿದ ಸದ್ದು ಜಗುಲಿಯವರೆಗೂ ಕೇಳಿಸಿತು.