ಅಕ್ಕನ ಎಡಗೆನ್ನೆ

ಅಕ್ಕ ಸೆರಗು ಸರಿಸಿ ಕೊರಳು ತೋರಿಸಿದಳು.

ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಅದರ ಮೇಲೆ ಮೂರು ಬರೆ! ಕೂಡ್ಲಿಗಿ ಹತ್ತಿರದ ಅವಳ ಊರಲ್ಲಿ ಗಂಟು ಎದ್ದರೆ ಕಾದ ಕಬ್ಬಿಣದಿಂದ ಸುಡಿಸುವುದೇ ಮೊದಲ ಚಿಕಿತ್ಸೆ. (ಇಪ್ಪತ್ತೊಂದನೇ ಶತಮಾನ ಬಂತು ಅಂತ ಇದೇ ಅಂಕಣದಲ್ಲಿ ಕುಣಿದಾಡಿದವನು ನಾನೇ.)

"ಎಷ್ಟು ದಿನ ಆತಕ್ಕಾ?"

"ಶಿವರಾತ್ರಿ ಮುಂದ ಎದ್ದೈತಿ. ನೋವಿಲ್ಲ ಬಿಡಲೇ ತಮ್ಮ, ಯಾಕ ಹೆದರ್ತೀ?"

ನೋವಿಲ್ಲ ಎಂಬುದೇ ನನಗೆ ಹೆದರಿಕೆ. ಮರುದಿನವೇ ದಾವಣಗೆರೆ ಬಸ್ ಹತ್ತಿಸಿದೆ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕ್ಯಾನ್ಸರ್ ಬೀಡಿ ಸೇದುವವರಿಗೆ, ಕುಡಿಯುವವರಿಗೆ ಬರುವ ರೋಗ. ಸೋಮವಾರ ಒಪ್ಪತ್ತು ಮಾಡುವ ಅಕ್ಕನಿಗೆ ಎಲ್ಲಿಂದ ಬರಬೇಕು?

ಡಾಕ್ಟರು ಗಂಟನ್ನು ಒತ್ತಿ ನೋಡಿದರು. ಆಮೇಲೆ ಟಾರ್ಚ್ ಹಿಡಿದು, "ಬಾಯಿ ತೆಗೀರಮ್ಮ" ಅಂದರು.

ಗಂಟು ಕೊರಳಲ್ಲಿ, ನೋಡುವುದು ಬಾಯಿ? ನನಗೆ ಸಿಟ್ಟೇ ಬಂತು. "ಸರ್, ಗಂಟು ಇಲ್ಲೈತ್ರಿ" ಎಂದೆ.

"ಕ್ಯಾನ್ಸರ್ ಅಂದ್ರೆ ಒಂದೇ ರೋಗ ಅಲ್ಲ ನೋಡ್ರಿ" ಎಂದರು ಅವರು. "ಹತ್ತಾರು ಥರ ಇದಾವೆ. ರಕ್ತದ್ದು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತೆ. ಸ್ತನದ್ದು ಹೆಚ್ಚಾಗಿ ಹಾಲಿನ ನಾಳದಲ್ಲಿ. ಎಲ್ಲಿ ಹುಟ್ಟಿತೋ ಅದರದೇ ಹೆಸರು, ಅದಕ್ಕೆ ತಕ್ಕ ಔಷಧಿ. ಕೊರಳಿಗೆ ಇದು ಹರಡಿರಬಹುದು. ಹುಟ್ಟಿದ ಜಾಗ ಹುಡುಕಬೇಕು."

ಹುಡುಕುವುದೇನು ಬಂತು? ಟಾರ್ಚ್ ಬೆಳಕಿಗೆ ನನಗೂ ಕಂಡಿತು. ಎಡಗೆನ್ನೆಯ ಒಳಗೆ ಬಿಳಿ ಕಲೆ, ನಡುವೆ ಕೆಂಪು ಹುಣ್ಣು.

"ಇದು ಎಷ್ಟು ವರ್ಷದ್ದಮ್ಮ?"

"ಅದಾ? ಸುಣ್ಣ ಸುಟ್ಟಿದ್ದು ಬಿಡ್ರಿ. ನಮ್ಮೂರಾಗ ಎಲ್ಲಾ ಹೆಣ್ಮಕ್ಕಳ ಬಾಯಾಗೂ ಐತಿ" ಎಂದು ಅಕ್ಕ ನಕ್ಕಳು.

ಎಲ್ಲಾ ಹೆಣ್ಣುಮಕ್ಕಳ ಬಾಯಲ್ಲೂ!

ಎಲೆ, ಅಡಿಕೆ, ಸುಣ್ಣ, ಒಂದು ಚೂರು ಹೊಗೆಸೊಪ್ಪು. ಕೆನ್ನೆಗೆ ಒತ್ತಿಟ್ಟುಕೊಂಡರೆ ಸಂಜೆವರೆಗೂ ಶೇಂಗಾ ಹೊಲದಲ್ಲಿ ಹಸಿವೆ ಗೊತ್ತಾಗದು. ನಮ್ಮ ಕಡೆ ಇದನ್ನು ಚಟ ಅಂತ ಯಾರು ಕರೆಯುತ್ತಾರೆ? ಬಂದವರ ಮುಂದೆ ಎಲೆತಟ್ಟೆ ಇಡದಿದ್ದರೆ ಅವಮಾನ! ಹೊಗೆ ಬಿಡದಿದ್ದರೆ ಸಾಕು, ರೋಗ ಹತ್ತಿರ ಸುಳಿಯದು ಎಂದು ನಂಬಿದ್ದ ನಾನೆಂಥ ಓದಿದವನು?

ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ರಿಪೋರ್ಟ್ ಬಂತು. ಕ್ಯಾನ್ಸರೇ. ಆಪರೇಷನ್ ಆಗಬೇಕು, ಕೆನ್ನೆಯ ಜೊತೆ ದವಡೆಯೂ ಹೋಗಬಹುದು. ಉಳಿಯುತ್ತಾಳಾ ಎಂದು ಕೇಳಿದೆ. "ನೋಡೋಣ" ಎಂದರು ಡಾಕ್ಟರು.

ಅಕ್ಕ ಗಟ್ಟಿಗಿತ್ತಿ, ಅಳಲಿಲ್ಲ. "ಹೊಗೆಸೊಪ್ಪು ಇವತ್ತೇ ಬಿಡ್ತೀನ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಲೇ, ನೀನು ತಂದದ್ದು ಇನ್ನೂ ಅರ್ಧ ಕಟ್ಟು ಐತಲ್ಲೋ, ಏನು ಮಾಡ್ಲಿ?"

ಹೌದು. ಪ್ರತಿ ವರ್ಷ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಹೋಗುವಾಗ ಉಂಡಿ, ಕುಪ್ಪಸದ ಖಣ, ಜೊತೆಗೆ ಕೊಟ್ಟೂರಿನಲ್ಲಿ ಆರಿಸಿ ಆರಿಸಿ ಕೊಂಡ ಹೊಗೆಸೊಪ್ಪಿನ ಕಟ್ಟು. "ನಮ್ಮ ತಮ್ಮ ತಂದದ್ದು" ಎಂದು ಓಣಿಗೆಲ್ಲ ಹಂಚುತ್ತಿದ್ದಳು. ಇಪ್ಪತ್ತು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ ನಾನು.

ಹುಟ್ಟಿದ ಜಾಗ ಎಡಗೆನ್ನೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ನನ್ನನ್ನು ಕೇಳಿದ್ದರೆ ನನ್ನ ಹೆಸರು ಬರೆಸುತ್ತಿದ್ದೆ.